ನೆರೆಮನೆಯ ನಂಬುಗೆಯು ನಮ್ಮ ಸಾಹಿತ್ಯವಲ್ಲವೆ?

ಕಳೆದ ತಿಂಗಳು ನಮ್ಮ ಸಂಘದ ಸಭೆಯು ತರೀಕೆರೆಯಲ್ಲಿ ಸೇರಿದ್ದಾಗ, ಮುಂದಿನ ವರ್ಷದ ಸಂಚಿಕೆಗಳಲ್ಲಿ ಯಾವ ಯಾವ ವಿಷಯಗಳಿಗೆ ಸ್ಥಳ ಕೊಡಬೇಕೆಂಬ ಚರ್ಚೆಯು ನಡೆಯಿತು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ವಾಸಿಸುವ ಎಲ್ಲ ಸಮಾಜಗಳ ಮನೆವಾರ್ತೆಯನ್ನೂ ಆಚಾರವಿಚಾರಗಳನ್ನೂ ಅವರವರಿಂದಲೇ ಬರೆಯಿಸಿ ಪ್ರಕಟಿಸಬೇಕೆಂದು ಒಬ್ಬ ಸದಸ್ಯರು ಸೂಚಿಸಿದರು. ಸೂಚನೆಯು ಎಲ್ಲರಿಗೂ ಒಪ್ಪಿಗೆಯಾಗಿ ಪಟ್ಟಿಯು ಸಿದ್ಧವಾಗುತ್ತಲಿತ್ತು. ಕ್ರೈಸ್ತರ ಹೆಸರು ಬಂದೊಡನೆ ತರುಣ ವಿದ್ವಾಂಸರೊಬ್ಬರು ಎದ್ದು ನಿಂತು, ಕ್ರೈಸ್ತನೊಬ್ಬನ ದಿನಚರಿಗೂ ಕನ್ನಡ ಸಾಹಿತ್ಯಕ್ಕೂ ಏನು ಸಂಬಂಧವೆಂದು ಕೇಳಿದರು. ಅವರು ಬರೆದರೆ ಅದು ಮತಪ್ರಚಾರವಾಗುವುದು. ಅವರ ಕನ್ನಡವು ಪಾದ್ರಿಗಳ ಕನ್ನಡ. ಮೇಲಾಗಿ ಸಾಮಾನ್ಯ ಗೃಹಸ್ಥನೊಬ್ಬನು ಬೆಳಗಿನಿಂದ ಸಂಜೆಯವರೆಗೆ ಏನು ಯೋಚಿಸಿದನೆಂಬುದರಲ್ಲಿ ರಸವೆಲ್ಲಿಯದು? ಹೀಗೆ ಅವರು ಮೂರು ಆಕ್ಷೇಪಗಳನ್ನು ಒಂದರ ಮೇಲೊಂದಾಗಿ ಹೂಡಿದರು. ಸಭೆಯಲ್ಲಿ ಹಲವರು ತಲೆದೂಗಿದರು. ಆ ಹೆಸರನ್ನು ಪಟ್ಟಿಯಿಂದ ಬಿಟ್ಟರು.

ನಾನು ಸುಮ್ಮನೆ ಕುಳಿತಿದ್ದೆನು. ನನ್ನ ಮೌನವನ್ನು ಸಮ್ಮತಿಯೆಂದು ಕೆಲವರು ತಿಳಿದಿರಬಹುದು. ನಾನು ಬಾಯಿ ಬಿಡದೆ ಹೋದುದಕ್ಕೆ ಬೇರೆ ಕಾರಣವುಂಟು: ಆ ಮೂರು ಆಕ್ಷೇಪಗಳೂ ನನ್ನವೇ ಆಗಿದ್ದವು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಇಂಥದೇ ಒಂದು ಸಂದರ್ಭದಲ್ಲಿ, ಇದೇ ಅರ್ಥದ ಮಾತುಗಳನ್ನು ನಾನು ನನ್ನ ಕೈಯಿಂದಲೇ ಬರೆದುಕೊಟ್ಟಿದ್ದೆನು. ಆ ಕಥೆಯನ್ನು ಮುಂದೆ ಹೇಳುವೆನು. ನಾನು ಮಲೆನಾಡಿನ ಒಂದು ಸಂಸ್ಕೃತ ಪಾಠಶಾಲೆಯಲ್ಲಿ ಅಮರವನ್ನೂ ಲಘುಕೌಮುದಿಯನ್ನೂ ತರ್ಕಸಂಗ್ರಹವನ್ನೂ ಓದಿದವನು. ಎದುರಾಳಿಯ ಪಕ್ಷವನ್ನು ಮೊದಲು ಅವನಿಗಿಂತಲೂ ಚೆನ್ನಾಗಿ ಹೇಳಿ, ಅನಂತರ ಅದನ್ನು ಖಂಡಿಸಬೇಕೆಂದು ನಮ್ಮ ಗುರುಗಳು ಕಲಿಸಿದ್ದರು. ಈ ಪೂರ್ವಪಕ್ಷವು ನನ್ನದೇ ಹಳೆಯ ಪಕ್ಷವಾದುದರಿಂದ ಅದನ್ನು ಚೆನ್ನಾಗಿ ಹೇಳುವುದು ನನಗೆ ಕಷ್ಟವೇನೂ ಅಲ್ಲ.

ಮೊದಲನೆಯ ಆಕ್ಷೇಪವು ಮತಪ್ರಚಾರವೆಂಬುದು. ತಮ್ಮ ಮತವು ಹರಡಲೆಂದು ಬರೆದ ಬರೆಹವು ಸಾಹಿತ್ಯವಾಗಲಾರದೆಂಬ ನಿಯಮವನ್ನು ನಾವು ಸ್ಥಾಪಿಸುವುದಾದರೆ, ಅದನ್ನು ಎಲ್ಲರಿಗೂ ಸಮನಾಗಿ ಅನ್ವಯಿಸಬೇಕಷ್ಟೆ. ಕನ್ನಡದ ಆದಿಕವಿಯು ಆದಿಪುರಾಣವನ್ನು ಬರೆದುದು ಯಾತಕ್ಕೆ? ಶಿವಶರಣರು ವಚನಗಳನ್ನು ನುಡಿದುದು ಯಾತಕ್ಕೆ? ಹರಿದಾಸರು ತಂಬೂರಿಯನ್ನು ಹಿಡಿದು ಬೀದಿಬೀದಿಗಳಲ್ಲಿ ಹಾಡಿದುದು ಯಾತಕ್ಕೆ? ಇವರಲ್ಲಿ ಯಾರೊಬ್ಬರೂ ತಮ್ಮ ನಂಬುಗೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬಳಿಕ ಸಾಹಿತ್ಯರಚನೆಗೆ ಕುಳಿತವರಲ್ಲ. ಜೈನ, ವೀರಶೈವ, ಬ್ರಾಹ್ಮಣ ಎಂದು ನಮ್ಮ ಸಾಹಿತ್ಯಚರಿತ್ರಕಾರರು ಯುಗಗಳನ್ನೇ ಮತಗಳ ಹೆಸರಿನಿಂದ ವಿಂಗಡಿಸಿದುದುಂಟು. ಮತವಿದ್ದಲ್ಲಿ ಸಾಹಿತ್ಯವಿಲ್ಲವೆಂದರೆ ನಮ್ಮ ಕಪಾಟುಗಳು ಬರಿದಾಗುವುವು. ಮತವಿದ್ದರೂ ಸಾಹಿತ್ಯವಾಗಬಹುದೆಂದು ಮೂವರಿಗೆ ಒಪ್ಪಿ, ನಾಲ್ಕನೆಯವನಿಗೆ ಮಾತ್ರ ಒಪ್ಪೆವೆಂದರೆ, ಅದನ್ನು ತರ್ಕದಲ್ಲಿ ಅರ್ಧಜರತೀ ನ್ಯಾಯವೆನ್ನುವರು. ಕೋಳಿಯ ಅರ್ಧಭಾಗವನ್ನು ಅಡಿಗೆಗೂ ಉಳಿದರ್ಧವನ್ನು ಮೊಟ್ಟೆಯಿಡುವುದಕ್ಕೂ ಇಟ್ಟುಕೊಳ್ಳುವೆನೆಂಬವನ ಮಾತೂ ಇದೇ ಜಾತಿಯದು.

ಆದರೆ ಅವರ ಬರೆಹದ ಹಿಂದೆ ಮತಾಂತರದ ಉದ್ದೇಶವಿತ್ತಲ್ಲವೆ ಎಂದು ಕೇಳುವರು. ಮಿಶನ್ನಿನವರು ಕನ್ನಡವನ್ನು ಕಲಿತುದು ತಮ್ಮ ಮತವನ್ನು ಬೋಧಿಸುವ ಸಲುವಾಗಿಯೇ ಎಂಬುದು ನಿರ್ವಿವಾದ. ಅವರೇ ಅದನ್ನು ಎಂದೂ ಮುಚ್ಚಿಡಲಿಲ್ಲ. ನಮ್ಮ ದೇವತೆಗಳ ವಿಷಯವಾಗಿ ಅವರಲ್ಲಿ ಕೆಲವರು ಬರೆದ ಕಟುವಾಕ್ಯಗಳನ್ನು ಓದಿ ನನಗೂ ನೋವಾಗಿದೆ. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಬಿತ್ತಿದವನ ಉದ್ದೇಶವೊಂದನ್ನೇ ಹಿಡಿದುಕೊಂಡು ಬೆಳೆದ ಫಲವನ್ನು ಅಲ್ಲಗಳೆಯುವುದು ಕೃತಜ್ಞರ ಲಕ್ಷಣವಲ್ಲ. ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯು 1843ನೆಯ ಇಸವಿ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲನೆಯ ವೃತ್ತಪತ್ರಿಕೆ. ಇಂದಿಗೂ ನಮ್ಮ ನಾಡಿನ ಪತ್ರಕರ್ತರು ಆ ದಿನವನ್ನೇ ಪತ್ರಿಕಾ ದಿನವೆಂದು ಆಚರಿಸುವರು. ಅದೇ ಮೋಗ್ಲಿಂಗನು ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಸಂಪಾದಿಸಿ ಅಚ್ಚು ಮಾಡಿಸಿದನು. ನಮ್ಮ ಅಜ್ಜಿಯರ ಕಂಠದಲ್ಲಿದ್ದ ದಾಸರ ಪದಗಳು ಮುದ್ರಿತ ಪುಸ್ತಕವಾಗಿ ಬಂದ ಆರಂಭಕಾಲದಲ್ಲಿ, ಹಾಳೆಗಳನ್ನು ತಿದ್ದಿದ ಕೈಯು ಒಬ್ಬ ಪಾದ್ರಿಯದು. ವಿಷ್ಣುವನ್ನು ಸ್ತುತಿಸುವ ಹಾಡುಗಳನ್ನು ಅಚ್ಚು ಹಾಕಿದುದರಿಂದ ಆತನ ಮತಕ್ಕೆ ಎಷ್ಟು ಪ್ರಚಾರವಾಯಿತೆಂಬುದನ್ನು ಆಕ್ಷೇಪಕರೇ ಲೆಕ್ಕಹಾಕಲಿ.

ಫರ್ಡಿನೆಂಡ್ ಕಿಟ್ಟೆಲನ ಹೆಸರನ್ನು ಅರಿಯದ ಕನ್ನಡಿಗರಿಲ್ಲ. 1853ರಲ್ಲಿ ಭರತಖಂಡಕ್ಕೆ ಬಂದ ಆತನು ದಶಕಗಳ ಕಾಲ ದುಡಿದು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಆತನು ಪರಿಷ್ಕರಿಸಿ ಪ್ರಕಟಿಸಿದನು. ಪಾಠಶಾಲೆಯಿಂದ ಹೊರಬಿದ್ದ ಹೊಸತರಲ್ಲಿ, ಕನ್ನಡವೆಲ್ಲವೂ ಸಂಸ್ಕೃತದ ಉಚ್ಛಿಷ್ಟವೆಂಬ ಗರ್ವವು ನನ್ನಲ್ಲಿ ತುಂಬಿಕೊಂಡಿತ್ತು. ಆಗ ಕಿಟ್ಟೆಲನ ನಿಘಂಟಿನ ಪೀಠಿಕೆಯನ್ನು ಓದಿದೆನು. ಸಂಸ್ಕೃತ ಕೋಶಗಳೊಳಗೆ ಸೇರಿಹೋದ ದ್ರಾವಿಡ ಶಬ್ದಗಳಿವೆಂದು ಆತನು ಕೊಟ್ಟಿದ್ದ ಪಟ್ಟಿಯು ನನ್ನ ಗರ್ವವನ್ನು ಇಳಿಸಿತು. ಆ ಪಟ್ಟಿಯ ಒಂದೊಂದು ಶಬ್ದದ ವಿಷಯದಲ್ಲಿಯೂ ಪಂಡಿತರು ಇಂದಿಗೂ ವಾದಿಸಬಹುದು. ಆದರೆ ನನ್ನ ಮಾತೃಭಾಷೆಯು ಕೊಡುವ ಕೈಯೂ ಹೌದೆಂದು ನನಗೆ ಮೊದಲು ತಿಳಿಸಿದವನು ಕಡಲಾಚೆಯ ಒಬ್ಬ ಕ್ರೈಸ್ತ.

ನಮ್ಮ ಸೀಮೆಯ ಸಂಗತಿಯನ್ನೇ ನೋಡೋಣ. ತರೀಕೆರೆಗೆ ಸಮೀಪದ ಅಮೃತಾಪುರದ ದೇವಾಲಯವು 1196ರಲ್ಲಿ, ವೀರಬಲ್ಲಾಳನ ಕಾಲದಲ್ಲಿ, ನಿರ್ಮಾಣವಾದುದು. ಅಲ್ಲಿಯ ಶಾಸನದ ಕವಿತೆಯು ಮಹಾಕವಿ ಜನ್ನನದೆಂದು ನಾವು ಹೆಮ್ಮೆಪಡುವೆವು. ಆ ಶಾಸನವನ್ನೂ ನಮ್ಮ ಹಳೆಯ ಕಡೂರು ಜಿಲ್ಲೆಯ ಇತರ ಶಾಸನಗಳನ್ನೂ ಒಟ್ಟುಗೂಡಿಸಿ, 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವಾಗಿ ಹೊರತಂದವರು ಬಿ. ಎಲ್. ರೈಸರು. ಅವರು ಬೆಂಗಳೂರಿನಲ್ಲಿ ಜನಿಸಿದ ಮಿಶನರಿಯ ಮಗ. ಅವರೊಡನೆ ನಮ್ಮ ಪಂಡಿತರು ಕೈಗೂಡಿಸಿ ದುಡಿದರು. ಆ ಪಂಡಿತರ ಶ್ರಮವನ್ನು ಮರೆಯಕೂಡದು. ಆದರೆ ನಮ್ಮ ಸಂಘದವರು ಊರಿನ ಇತಿಹಾಸವನ್ನು ಬರೆಯಬೇಕಾದಾಗಲೆಲ್ಲ ಮೊದಲು ತೆರೆಯುವ ಪುಸ್ತಕವು ಅದೇ. ರೈಸರ ಸಂಪುಟದಿಂದ ಊರಿನ ಹಳಮೆಯನ್ನು ಎತ್ತಿಕೊಂಡು, ಅದೇ ಬಾಯಿಯಿಂದ ಕ್ರೈಸ್ತರಿಗೂ ನಮಗೂ ಏನು ಸಂಬಂಧವೆಂದು ಕೇಳುವುದು ಸೋಜಿಗ.

ಇವರೆಲ್ಲರೂ ಬಿಳಿಯರು, ವಿದ್ವಾಂಸರು; ಇವರನ್ನು ಹೊಗಳಿದರೆ ನಮ್ಮ ನಾಡಿನ ಸಾಮಾನ್ಯ ಕ್ರೈಸ್ತನಿಗೇನಾಯಿತೆಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಆದಕಾರಣ ಚನ್ನಪ್ಪ ಉತ್ತಂಗಿಯವರನ್ನು ನೆನೆಯುವೆನು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭೆಯಲ್ಲಿ ಪಾದ್ರಿಗಳಾಗಿದ್ದ ಈ ಕನ್ನಡ ಕ್ರೈಸ್ತರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ಪ್ರಕಟಿಸಿದರು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ತ್ರಿಪದಿಗಳು ಚೆದರಿಹೋಗದೆ ಒಂದೆಡೆಗೆ ದೊರೆತುದಕ್ಕೆ ಅವರ ಪರಿಶ್ರಮವು ದೊಡ್ಡ ಕಾರಣ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ನಾಡು ಅವರನ್ನು ಕುಳ್ಳಿರಿಸಿತು. ಅವರು ಯೇಸುವಿನ ಭಕ್ತರಾಗಿಯೇ ಇದ್ದು ಶರಣರ ವಚನಗಳಿಗೆ ಮನಸೋತವರು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಎಂದೂ ಅನ್ನಿಸಲಿಲ್ಲ.

ನಮ್ಮ ನೆರೆಯ ಸಾಗರದಲ್ಲಿ 1937ರಲ್ಲಿ ಹುಟ್ಟಿದ ನಾ. ಡಿಸೋಜರವರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದವರು. ಶರಾವತಿಯ ಅಣೆಕಟ್ಟಿನಿಂದ ಮನೆಮಠಗಳನ್ನು ಕಳೆದುಕೊಂಡವರ ಸಂಕಟವನ್ನು ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳಲ್ಲಿ ಚಿತ್ರಿಸಿದರು. ಮುಳುಗಿದವರು ಯಾವ ಮತದವರೆಂದು ಅವರು ಕೇಳಲಿಲ್ಲ. ಅವರೇ ‘ಇಗರ್ಜಿಯ ಸುತ್ತಲ ಹತ್ತು ಮನೆಗಳು’ ಎಂಬ ಕಾದಂಬರಿಯಲ್ಲಿ ತಮ್ಮವರ ಬಾಳನ್ನೂ ಬರೆದರು. 2014ರಲ್ಲಿ ಮಡಿಕೇರಿಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2025ನೆಯ ಜನವರಿಯಲ್ಲಿ ತೀರಿಕೊಂಡರು. ಅವರ ಮರಣವಾರ್ತೆಯು ಬಂದ ದಿನ ನಮ್ಮವರೆಲ್ಲರೂ ಕಂಬನಿ ಮಿಡಿದರು. ಅಂಥವರ ಮತಬಾಂಧವರು ನಮ್ಮ ಪಟ್ಟಿಯಲ್ಲಿ ಸಲ್ಲದವರಾದರು! ಸತ್ತ ಮೇಲೆ ಶ್ರದ್ಧಾಂಜಲಿ, ಇರುವಾಗ ಅನುಮಾನ. ಇದು ಯಾವ ಊರಿನ ಮರ್ಯಾದೆ?

ಎರಡನೆಯ ಆಕ್ಷೇಪವು ಪಾದ್ರಿಗಳ ಕನ್ನಡವೆಂಬುದು. ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿದ ಜಾನ್ ಹ್ಯಾಂಡ್ಸ್ ಮೊದಲಾದವರು ಬೈಬಲನ್ನು ಕನ್ನಡಿಸಲು ತೊಡಗಿದ ಕಾಲದ ಗದ್ಯವು ಬಿಗಿಬಿಗಿಯಾಗಿತ್ತು, ಕಿವಿಗೆ ಒಗ್ಗದಂತಿತ್ತು ಎಂಬುದನ್ನು ನಾನು ಒಪ್ಪುವೆನು. ಆದರೆ ನಮ್ಮ ಶಾಸ್ತ್ರಿಗಳು ಸಂಸ್ಕೃತ ಗ್ರಂಥಗಳಿಗೆ ಬರೆದ ಕನ್ನಡ ತಾತ್ಪರ್ಯಗಳನ್ನು ಓದಿದವರು ಆ ದೋಷವನ್ನು ಪಾದ್ರಿಗಳೊಬ್ಬರ ತಲೆಗೇ ಕಟ್ಟಲಾರರು. ನನ್ನ ಕನ್ನಡವನ್ನೇ ನೋಡಿರಿ. ಇದು ಪಾಠಶಾಲೆಯ ಕನ್ನಡವೆಂದು ನನ್ನ ಮೊಮ್ಮಗಳು ನಗುವಳು. ಪಾಠಶಾಲೆಯ ಕನ್ನಡಕ್ಕೆ ಈ ಪತ್ರಿಕೆಯಲ್ಲಿ ಸ್ಥಳವಿರುವಾಗ ಪಾದ್ರಿಗಳ ಕನ್ನಡವು ಮಾಡಿದ ಅಪರಾಧವೇನು?

ಇನ್ನು ಶಬ್ದಗಳ ವಿಚಾರ. ಕೆಥೋಲಿಕ ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ವ್ರತಕ್ಕೆ ಏನೆನ್ನುವರು ಬಲ್ಲಿರಾ? ತಪಸ್ಸುಕಾಲ. ದೇವಾಲಯದಲ್ಲಿ ಸ್ವೀಕರಿಸುವ ರೊಟ್ಟಿಗೆ ಪರಮಪ್ರಸಾದ; ಅಲ್ಲಿ ನಡೆಯುವ ಆರಾಧನೆಗೆ ಬಲಿಪೂಜೆ; ಮಣಿಗಳನ್ನು ಎಣಿಸುವ ಮಾಲೆಗೆ ಜಪಸರ; ಮಗುವಿಗೆ ಮಾಡಿಸುವ ಮೊದಲ ಸಂಸ್ಕಾರಕ್ಕೆ ಜ್ಞಾನಸ್ನಾನ. ತಪಸ್ಸು, ಪ್ರಸಾದ, ಬಲಿ, ಪೂಜೆ, ಜಪ, ಜ್ಞಾನ, ಸ್ನಾನ! ಇವುಗಳಲ್ಲಿ ಯಾವುದು ಪರದೇಶದ್ದು? ಇಗರ್ಜಿ, ಪಾದ್ರಿ ಎಂಬ ಒಂದೆರಡು ಪೋರ್ಚುಗೀಸ್ ಮಾತುಗಳಿವೆ. ನಮ್ಮ ಮನೆಗಳ ಮೇಜು, ಅಲಮಾರುಗಳೂ ಅದೇ ಹಡಗಿನಲ್ಲಿ ಬಂದಿಳಿದವು. ಮನುಷ್ಯನು ಕಷ್ಟದಲ್ಲಿ ದೇವರನ್ನು ಕರೆಯುವಾಗ ಬಾಯಿಗೆ ಬರುವ ಮಾತೇ ಅವನ ನಿಜವಾದ ಮಾತು. ಆ ಹೊತ್ತಿನಲ್ಲಿ ನಮ್ಮ ನೆರೆಯವರ ಬಾಯಿಗೆ ನಮ್ಮ ಮಾತುಗಳೇ ಬರುವುವು. ಕೆಲವರು ಮನೆಯಲ್ಲಿ ಕೊಂಕಣಿಯನ್ನೋ ತಮಿಳನ್ನೋ ಆಡಬಹುದು. ಮನೆಯಲ್ಲಿ ತೆಲುಗು, ತಮಿಳು, ಮರಾಠಿಗಳನ್ನಾಡಿ ಕನ್ನಡಕ್ಕೆ ಕೀರ್ತಿ ತಂದವರನ್ನು ನಾವು ಎಂದಾದರೂ ಹೊರಗೆ ನಿಲ್ಲಿಸಿದೆವೆ?

ಇಲ್ಲಿ ನಾನು ಇನ್ನೊಂದು ಮಾತನ್ನು ಹೇಳಲೇಬೇಕು. ಅದು ನನ್ನ ಕುಲವೃತ್ತಿಗೇ ತಗಲುವ ಮಾತು. ನೂರಾರು ವರ್ಷ ಕೆಥೋಲಿಕರ ಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ನೆಯ ಡಿಸೆಂಬರಿನಲ್ಲಿ ಪೂಜೆಯಲ್ಲಿ ದೇಶಭಾಷೆಗಳನ್ನು ಬಳಸಬಹುದೆಂದು ಅನುಮತಿಯಿತ್ತಿತು. ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತವಾದುದೂ ಅದೇ ವರ್ಷದ ನವೆಂಬರಿನಲ್ಲಿ. ಅಲ್ಲಿಂದೀಚೆಗೆ ಓದುಬರಹವಿಲ್ಲದ ಮುದುಕಿಯೂ ತಾನು ದೇವರಲ್ಲಿ ಏನನ್ನು ಬೇಡುತ್ತಿರುವೆನೆಂಬುದನ್ನು ಅರಿತು ಬೇಡುವಂತಾಯಿತು. ನಾವಾದರೋ ಅರ್ಥವರಿಯದ ಮಂತ್ರವನ್ನು ಒಪ್ಪಿಸಿ ದಕ್ಷಿಣೆಯನ್ನು ಕೊಟ್ಟು ಕೈತೊಳೆದುಕೊಳ್ಳುವೆವು. ಸಂಸ್ಕೃತವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅದು ನನ್ನ ಅನ್ನ, ನನ್ನ ಉಸಿರು. ಆದರೆ ದೇವರೊಡನೆ ಕನ್ನಡದಲ್ಲಿ ಮಾತನಾಡುವವನನ್ನು, ದೇವರೊಡನೆ ಕನ್ನಡದಲ್ಲಿ ಮಾತನಾಡದ ನಾವು, ಕನ್ನಡಕ್ಕೆ ಹೊರಗಿನವನೆಂದರೆ ಕೇಳುವವರು ನಗುವರು.

ಮೂರನೆಯ ಆಕ್ಷೇಪಕ್ಕೆ ಬರುವೆನು. ಸಾಮಾನ್ಯ ಗೃಹಸ್ಥನ ದಿನಚರಿಯಲ್ಲಿ ರಸವೆಲ್ಲಿಯದೆಂಬುದಕ್ಕೆ ಉತ್ತರವು ನನ್ನ ಬಳಿಯಲ್ಲಿ ಒಂದು ನೋಟುಬುಕ್ಕಿನ ರೂಪದಲ್ಲಿದೆ. ಇದು ನನ್ನ ತಪ್ಪಿನ ಕಥೆಯೂ ಹೌದು.

ನಾನು ಅಧ್ಯಾಪಕನಾಗಿದ್ದ ಒಂದು ಶಾಲೆಯಲ್ಲಿ ಕ್ರೈಸ್ತ ಅಧ್ಯಾಪಿಕೆಯೊಬ್ಬರಿದ್ದರು. ಅವರ ಹೆಸರನ್ನು ಬರೆಯಲು ಅವರ ಒಪ್ಪಿಗೆಯಿಲ್ಲ. ಕಪ್ಪುಹಲಗೆಯನ್ನು ಗಂಟೆ ಹೊಡೆಯುವುದಕ್ಕೆ ಮೊದಲೇ ಒರೆಸಿಡುತ್ತಿದ್ದರು, ಯಾರನ್ನೂ ಹೊಡೆಯುತ್ತಿರಲಿಲ್ಲ, ತಮ್ಮ ಮತದ ವಿಷಯವನ್ನು ಎಂದೂ ಎತ್ತುತ್ತಿರಲಿಲ್ಲ. ನಾನು ಅವರನ್ನು ಟೀಚರಮ್ಮನವರೆಂದೂ ಅವರು ನನ್ನನ್ನು ಮೇಷ್ಟರೆಂದೂ ಕರೆಯುವುದು ವಾಡಿಕೆ. ಒಂದು ದಿನ ಅವರು ಅಂಜುತ್ತಂಜುತ್ತಲೇ ಒಂದು ನೋಟುಬುಕ್ಕನ್ನು ನನ್ನ ಕೈಯಲ್ಲಿಟ್ಟು, “ಮೇಷ್ಟ್ರೇ, ಪುರುಸೊತ್ತಾದಾಗ ನೋಡಿ. ಸಂಘದ ಸಂಕಲನಕ್ಕೆ ಆದೀತೇನೋ” ಎಂದರು. ಆಗ್ಗೆ ನಾನು ಒಂದು ಸಂಘದ ಲೇಖನಗಳನ್ನು ಆರಿಸುವ ಮೂವರಲ್ಲಿ ಒಬ್ಬನಾಗಿದ್ದೆನು. ಎರಡು ಹಾಳೆಗಳನ್ನು ಮಗುಚಿದೆನು; ದೇವರು, ಯೇಸು, ಪ್ರಾರ್ಥನೆ ಎಂಬ ಶಬ್ದಗಳು ಕಣ್ಣಿಗೆ ಬಿದ್ದವು. ಮುಂದಕ್ಕೆ ಓದದೆಯೇ, ಇದು ಮತಪ್ರಚಾರವೆಂದೂ ಸಾಹಿತ್ಯವಲ್ಲವೆಂದೂ ಒಂದು ಚೀಟಿಯಲ್ಲಿ ಬರೆದು ಒಳಗಿಟ್ಟು ಹಿಂದಿರುಗಿಸಿದೆನು. ಅವರು ಚೀಟಿಯನ್ನು ಓದಿ, “ಸರಿ ಮೇಷ್ಟ್ರೇ” ಎಂದಷ್ಟೇ ಹೇಳಿ ತರಗತಿಗೆ ಹೊರಟುಹೋದರು. ಅಂದು ಸ್ಥಾಲೀಪುಲಾಕ ನ್ಯಾಯವನ್ನು ನಾನು ಮನಸ್ಸಿನಲ್ಲಿಯೇ ಹೇಳಿಕೊಂಡೆನು: ಅನ್ನವು ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಆದರೆ ನಾನು ಅಗುಳನ್ನು ಹಿಸುಕಿರಲಿಲ್ಲ. ಪಾತ್ರೆಯ ಮೇಲೆ ಬರೆದಿದ್ದ ಹೆಸರನ್ನು ಓದಿ ಅನ್ನವು ಹಳಸಿದೆಯೆಂದು ಹೇಳಿದ್ದೆನು.

ನಾವಿಬ್ಬರೂ ನಿವೃತ್ತರಾದ ಮೇಲೆ ಒಮ್ಮೆ ಬೀರೂರು ಜಂಕ್ಷನ್ನಿನಲ್ಲಿ ಅವರು ಕಾಣಸಿಕ್ಕಿದರು. ರೈಲು ತಡವಾಗಿತ್ತು. ಮಾತಿನ ನಡುವೆ ಆ ನೋಟುಬುಕ್ಕಿನ ವಿಚಾರವನ್ನು ನಾನೇ ಎತ್ತಿ, ಅದನ್ನು ಪೂರ್ತಿಯಾಗಿ ಓದಬೇಕೆಂಬ ಆಸೆಯಿದೆಯೆಂದು ಹೇಳಿದೆನು. ತಿಂಗಳೊಳಗೆ ಅದು ಅಂಚೆಯಲ್ಲಿ ಬಂದಿತು. ನಾನಿಟ್ಟಿದ್ದ ಚೀಟಿಯು ಅದರಲ್ಲಿ ಹಾಗೆಯೇ ಇತ್ತು.

ಅದರಲ್ಲಿದ್ದುದನ್ನು ಅವರ ಅನುಮತಿಯಿಂದ ನನ್ನ ಮಾತಿನಲ್ಲಿ ಸಂಗ್ರಹಿಸಿ ಹೇಳುವೆನು. ಕ್ರೈಸ್ತರು ದಿನವೂ ಹೇಳುವ ಪ್ರಾರ್ಥನೆಯಲ್ಲಿ ಆ ದಿನದ ಆಹಾರವನ್ನು ಬೇಡುವ ಮಾತೊಂದಿದೆಯಂತೆ. ಅಧ್ಯಾಪಿಕೆಯವರಿಗೆ ಒಂದು ರಾತ್ರಿ ಅದರ ಮೇಲೆ ಸಂದೇಹ ಹುಟ್ಟಿತು. ತಮ್ಮ ಮನೆಯ ಡಬ್ಬಿಯಲ್ಲಿ ಎರಡು ತಿಂಗಳಿಗೆ ಸಾಕಾಗುವಷ್ಟು ಅಕ್ಕಿ ಇದೆ; ಹಾಗಿರುವಾಗ ಇಂದಿನ ಅನ್ನವನ್ನು ಕೊಡೆಂದು ದೇವರನ್ನು ಕೇಳುವುದು ಸುಳ್ಳಲ್ಲವೆ? ಮೂರು ದಿನ ಅವರು ಆ ಮಾತನ್ನು ಬಿಟ್ಟು ಉಳಿದುದನ್ನು ಮಾತ್ರ ಹೇಳಿದರು. ನಾಲ್ಕನೆಯ ದಿನ ಶಾಲೆಯಲ್ಲಿ ಎರಡನೆಯ ತರಗತಿಯ ಹುಡುಗನೊಬ್ಬನು ಮಗ್ಗಿ ಹೇಳುತ್ತ ಹೇಳುತ್ತ ಕುಸಿದುಬಿದ್ದನು. ಬಿಸಿಯೂಟವು ಇನ್ನೂ ನಮ್ಮ ಶಾಲೆಗಳಿಗೆ ಬಾರದಿದ್ದ ಕಾಲವದು. ಹಿಂದಿನ ದಿನದಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಂದು ರಾತ್ರಿ ಅವರಿಗೆ ಹೊಳೆಯಿತು: ಆ ಪ್ರಾರ್ಥನೆಯು ನನಗೆ ಕೊಡು ಎನ್ನುವುದಿಲ್ಲ, ನಮಗೆ ಕೊಡು ಎನ್ನುವುದು. ಆ ನಮಗೆ ಎಂಬುದರೊಳಗೆ ಆ ಹುಡುಗನೂ ಇರುವುದಾದರೆ, ಅವನ ಪಾಲಿನ ಅನ್ನವು ತಮ್ಮ ಡಬ್ಬಿಯಲ್ಲಿ ಕುಳಿತಿದೆ. ಮರುದಿನದಿಂದ ಅವರ ಬುತ್ತಿಯಲ್ಲಿ ಎರಡು ಪಾಲು. ಆ ಎರಡನೆಯ ಡಬ್ಬಿಯನ್ನು ನಾನು ಎಷ್ಟೋ ದಿನ ಕಣ್ಣಾರೆ ಕಂಡಿದ್ದೆನು. ಅವರಿಗೆ ಹಸಿವು ಹೆಚ್ಚೆಂದು ಅಧ್ಯಾಪಕರ ಕೊಠಡಿಯಲ್ಲಿ ಹಾಸ್ಯ ಮಾಡಿದವರಲ್ಲಿ ನಾನೂ ಒಬ್ಬನು.

ಇನ್ನೊಂದು ಕಡೆಯಲ್ಲಿ, ತಾಯಿ ತೀರಿಹೋದ ವಾರದ ಟಿಪ್ಪಣಿಯಿದೆ. ಬಾಯಿಯು ಅಭ್ಯಾಸಬಲದಿಂದ ಜಪಸರವನ್ನು ಹೇಳಿತೆಂದೂ, ಮನಸ್ಸು ಒಂದು ಮಣಿಯಲ್ಲಿಯೂ ನಿಲ್ಲಲಿಲ್ಲವೆಂದೂ, ದೇವರ ಮೇಲೆ ತಮಗೆ ಕೋಪವಿದೆಯೆಂದೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕೋಪವನ್ನು ಅಡಗಿಸಿ ಭಕ್ತಿಯನ್ನು ನಟಿಸುವುದಕ್ಕಿಂತ, ಕೋಪವನ್ನೇ ಆತನ ಮುಂದೆ ಇಡುವುದು ಲೇಸೆಂದು ತೀರ್ಮಾನಿಸಿದ್ದಾರೆ. ಇದನ್ನು ಓದಿದಾಗ ನನ್ನ ತಂದೆಯ ವೈಕುಂಠ ಸಮಾರಾಧನೆಯ ದಿನವು ನೆನಪಿಗೆ ಬಂದಿತು. ಅಂದು ನಾನೂ ಬಾಯಿಂದ ಮಂತ್ರಗಳನ್ನೆಲ್ಲ ತಪ್ಪಿಲ್ಲದೆ ಹೇಳಿದ್ದೆನು. ಸ್ವರಲೋಪವಾಗಲಿಲ್ಲವೆಂದು ಪುರೋಹಿತರು ಮೆಚ್ಚಿದ್ದರು. ಒಳಗೆ ಏನಾಗುತ್ತಿತ್ತೆಂಬುದನ್ನು ಯಾರಿಗೂ ಹೇಳಲಿಲ್ಲ, ನನಗೆ ನಾನೂ ಹೇಳಿಕೊಳ್ಳಲಿಲ್ಲ. ನಲವತ್ತು ವರ್ಷ ಕಾವ್ಯಮೀಮಾಂಸೆಯನ್ನು ಓದಿದವನು ಬರೆಯಲಾರದುದನ್ನು ಆ ಅಧ್ಯಾಪಿಕೆಯವರು ರೂಲು ಹಾಕಿದ ಹಾಳೆಯ ಮೇಲೆ ಬರೆದಿಟ್ಟಿದ್ದರು. ಇದರಲ್ಲಿ ಮತಪ್ರಚಾರವೆಲ್ಲಿ? ಯಾರನ್ನು ತಮ್ಮ ಮತಕ್ಕೆ ಕರೆದಿದ್ದಾರೆ? ಇದರಲ್ಲಿ ರಸವಿಲ್ಲವೆಂದರೆ ನಾವು ರಸವೆಂದು ಪಾಠ ಹೇಳಿದುದು ಯಾವುದನ್ನು?

ಸಂತೆಯಲ್ಲಿ ತರಕಾರಿಯವಳು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಮರುವಾರ ಹಿಂದಕ್ಕೆ ಕೊಟ್ಟುದು, ಓರಗಿತ್ತಿಯೊಡನೆ ಮಾತು ಬಿಟ್ಟುದು, ಮಾತು ಬಿಟ್ಟವರು ಪೂಜೆಗೆ ಹೋಗಬಹುದೆ ಎಂದು ಒಳಗೇ ತೊಳಲಿದುದು, ಕಡೆಗೆ ಹಬ್ಬದ ಹಿಂದಿನ ದಿನ ತಾವೇ ಹೋಗಿ ಅವಳ ಮನೆಯ ಬಾಗಿಲು ತಟ್ಟಿದುದು, ಇಂಥ ಸಂಗತಿಗಳೇ ಆ ನೋಟುಬುಕ್ಕಿನ ತುಂಬ. ಪವಾಡವೊಂದೂ ಇಲ್ಲ. ಧರ್ಮವು ಗ್ರಂಥದಿಂದ ಇಳಿದು ಅಡಿಗೆಮನೆಗೆ ಬಂದಾಗ ಏನೇನು ತೊಡಕುಗಳಾಗುವುವೆಂಬುದರ ಲೆಕ್ಕಪತ್ರವದು. ಅಂಥ ಲೆಕ್ಕವನ್ನು ನಮ್ಮ ಮನೆಗಳಲ್ಲಿ ಇಟ್ಟವರೆಷ್ಟು ಮಂದಿ?

ವಿದ್ಯಾವಂತ ಕುಟುಂಬಗಳ ವಾಚಕ ಮಹಾಶಯರು ಕೋಪಿಸಿಕೊಳ್ಳದಿದ್ದರೆ ಇನ್ನೊಂದು ಪ್ರಶ್ನೆಯನ್ನು ಕೇಳುವೆನು. ಮಗುವಿಗೆ ಮೂರು ವರ್ಷ ತುಂಬುವುದೇ ತಡ, ಕಾನ್ವೆಂಟಿನ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವವರು ನಾವು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಮಿಶನ್ ಆಸ್ಪತ್ರೆಯ ದಾದಿಯ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ನಿದ್ರಿಸುವವರು ನಾವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕೈಗಾರಿಕೆಯು ಬೆಳೆದು, ಮಲೆನಾಡಿನ ಮನೆಮನೆಯ ಮಾಡಿನ ಮೇಲೂ ಮಂಗಳೂರು ಹಂಚು ಕುಳಿತಿದೆ. ನಾನು ಇದನ್ನು ಬರೆಯುತ್ತಿರುವುದೂ ಅಂಥ ಒಂದು ಮಾಡಿನ ಕೆಳಗೆಯೇ. ಅವರ ಇಂಗ್ಲಿಷು ಬೇಕು, ಔಷಧವು ಬೇಕು, ಹಂಚು ಬೇಕು. ಅವರ ಮನಸ್ಸು ಮಾತ್ರ ಬೇಡ! ಆ ಇಂಗ್ಲಿಷನ್ನು ಅವರಿಂದ ಬೇಡಿ ಪಡೆದವರೂ ನಾವೇ, ಅವರು ಇಂಗ್ಲಿಷಿನವರೆಂದು ದೂರುವವರೂ ನಾವೇ.

ಇದು ಬರಿಯ ಸಾಹಿತ್ಯದ ಜಗಳವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2008ನೆಯ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕ್ರೈಸ್ತರ ಪ್ರಾರ್ಥನಾಮಂದಿರಗಳ ಮೇಲೆ ಆಕ್ರಮಣಗಳು ನಡೆದುದನ್ನು ನಾವು ಮರೆತಿಲ್ಲ. ಬಲಾತ್ಕಾರದಿಂದಲೋ ಆಮಿಷದಿಂದಲೋ ಯಾರಾದರೂ ಮತಾಂತರ ಮಾಡಿದರೆ ಅದು ತಪ್ಪೇ, ಅದಕ್ಕೆ ನ್ಯಾಯಾಲಯವಿದೆ. ಆದರೆ 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಆ ಇಬ್ಬರ ಮನೆಯೊಳಗೆ ಏನು ನಡೆಯುವುದೆಂಬುದನ್ನು ಉಳಿದ ತೊಂಬತ್ತೆಂಟು ಮಂದಿ ಅವರ ಬಾಯಿಂದ ಕೇಳಿ ತಿಳಿಯದಿದ್ದರೆ, ಗಾಳಿಮಾತಿನಿಂದ ತಿಳಿಯುವರು. ಗಾಳಿಮಾತು ಕಲ್ಲನ್ನು ಕೈಗೆ ಕೊಡುವುದು. ನಾನು ಆ ನೋಟುಬುಕ್ಕನ್ನು ಅಂದೇ ಓದಿ ಅಚ್ಚಿಗೆ ಕಳುಹಿಸಿದ್ದರೆ ಲೋಕವು ಬದಲಾಗುತ್ತಿರಲಿಲ್ಲ, ನಿಜ. ನಮ್ಮ ಊರಿನ ಐವತ್ತು ಮನೆಗಳಾದರೂ ಒಂದು ಮನೆಯನ್ನು ಅರಿತುಕೊಳ್ಳುತ್ತಿದ್ದವು.

ಕ್ರೈಸ್ತ ಬಂಧುಗಳಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ಮಕ್ಕಳಿಗೆ ಕನ್ನಡವನ್ನು ಪರೀಕ್ಷೆಗೆ ಬೇಕಾದಷ್ಟು ಮಾತ್ರ ಕಲಿಸಿ ನಿಲ್ಲಿಸುವಿರಿ. ಈ ದೋಷವು ನಮ್ಮಲ್ಲಿಯೂ ಇದೆ. ನಮ್ಮಲ್ಲಿರುವ ಜಾತಿಯ ಮೇಲುಕೀಳು ನಿಮ್ಮಲ್ಲಿಯೂ ಒಳಹೊಕ್ಕಿರುವುದುಂಟು, ಅದನ್ನೂ ಬರೆಯಿರಿ. ಬಿಷಪರ ಸಂದೇಶಗಳೂ ಸಂತರ ಚರಿತ್ರೆಗಳೂ ನಿಮ್ಮ ಪತ್ರಿಕೆಗಳಲ್ಲಿ ಬರಲಿ. ನಮಗೆ ಬೇಕಾದುದು ಕಾಫಿತೋಟದ ರೈಟರನು, ರೈಲ್ವೆಯ ನೌಕರನು, ಆಸ್ಪತ್ರೆಯ ದಾದಿಯು ರಾತ್ರಿ ದೀಪ ಆರಿಸುವ ಮುನ್ನ ತನ್ನೊಳಗೆ ಆಡಿಕೊಂಡ ಮಾತು. ಒಮ್ಮೆ ಬಾಗಿಲು ಮುಚ್ಚಿತೆಂದು ಮತ್ತೆ ತಟ್ಟದೆ ಇರಬೇಡಿರಿ.

ಇಷ್ಟನ್ನು ಹೇಳಿ ಸಂಘದ ಕಾರ್ಯನಿರ್ವಾಹಕರಲ್ಲಿ ಎರಡು ವಿಜ್ಞಾಪನೆಗಳನ್ನು ಮಾಡುವೆನು. ಬಿಟ್ಟ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಬೇಕು. ಬಂದ ಲೇಖನವನ್ನು ಯಾರೇ ಆಗಲಿ ಕೊನೆಯ ಹಾಳೆಯವರೆಗೆ ಓದಿದಲ್ಲದೆ ಅಭಿಪ್ರಾಯವನ್ನು ಬರೆಯಕೂಡದೆಂದು ನಿಯಮ ಮಾಡಬೇಕು. ಎರಡನೆಯ ನಿಯಮವನ್ನು ನನ್ನ ಮೇಲೆಯೇ ಮೊದಲು ಹೇರಿರಿ.

ನೋಟುಬುಕ್ಕನ್ನು ನಾನು ಹಿಂದಿರುಗಿಸಿದ್ದೇನೆ. ಹಳೆಯ ಚೀಟಿಯನ್ನು ತೆಗೆದು ಬೇರೊಂದು ಚೀಟಿಯಿಟ್ಟು, ಈಗಲಾದರೂ ಪ್ರಕಟಣೆಗೆ ಕೊಡಬೇಕೆಂದು ಪ್ರಾರ್ಥಿಸಿದೆನು. ಯೋಚಿಸಿ ತಿಳಿಸುವುದಾಗಿ ಅವರು ಉತ್ತರ 썼... ಬರೆದಿದ್ದಾರೆ. ಯೋಚಿಸುವ ಹಕ್ಕು ಅವರದು. ಕಾದಿರುವ ಸರದಿಯು ಈಗ ನನ್ನದು. ಇತ್ಯಲಂ.